ಮರೆಯದೆ ಮರಳಿ ಪ್ರೀತಿಸುವುದು

ದೊಡ್ಡ ಪಟ್ಟಣದಲ್ಲಿ ಸಾವು ಮನೆಯೊಳಗಿನ ಸಂಗತಿ. ಸಣ್ಣ ಊರಿನಲ್ಲಿ ಅದು ಬೀದಿಯ ಸಂಗತಿ. ಪಟ್ಟಣದ ಮಹಡಿಮನೆಯಲ್ಲಿ ಒಬ್ಬರು ತೀರಿಕೊಂಡರೆ ಮೇಲಿನ ಮಹಡಿಯವರಿಗೆ ತಿಳಿದೀತು, ತಿಳಿಯದೆಯೂ ಇದ್ದೀತು. ತಾಲ್ಲೂಕಿನ ಊರಿನಲ್ಲಿ ಹಾಗಲ್ಲ. ಹಾಲು ಹಾಕುವವನಿಗೆ ಗೊತ್ತು, ಕಿರಾಣಿ ಅಂಗಡಿಯ ಶೆಟ್ಟರಿಗೆ ಗೊತ್ತು, ಅಂಚೆಯಣ್ಣನಿಗೆ ಗೊತ್ತು. ಮೊದಲ ಹತ್ತು ಹನ್ನೊಂದು ದಿನ ಆ ಮನೆಯ ಒಲೆ ಹೊತ್ತದಿದ್ದರೂ ಯಾರೂ ಉಪವಾಸವಿರುವುದಿಲ್ಲ. ನೆರೆಮನೆಯಿಂದ ಅನ್ನ ಬರುತ್ತದೆ, ಎದುರುಮನೆಯಿಂದ ಸಾರು ಬರುತ್ತದೆ, ರಾತ್ರಿ ಜೊತೆಗೆ ಮಲಗಲು ಯಾರಾದರೂ ಹಿರಿಯ ಹೆಂಗಸು ಚಾಪೆ ಹಿಡಿದು ಬರುತ್ತಾಳೆ. ಸಣ್ಣ ಊರಿನ ದೊಡ್ಡತನವೆಂದರೆ ಇದು. ಆದರೆ ಹದಿಮೂರು ದಿನ ಕಳೆದ ಮೇಲೆ, ಅನ್ನ ತಂದ ಊರೇ ಮೆಲ್ಲಗೆ ಕಾವಲಿಗೆ ನಿಲ್ಲುತ್ತದೆ. ಉಟ್ಟ ಸೀರೆಯ ಬಣ್ಣ ಯಾವುದು, ನಿಂತು ಮಾತನಾಡಿದ್ದು ಯಾರೊಡನೆ, ನಕ್ಕದ್ದು ಯಾವ ಮಾತಿಗೆ ಎಂಬ ಲೆಕ್ಕ ಮೊದಲಾಗುತ್ತದೆ. ಕೈಹಿಡಿದು ಎಬ್ಬಿಸುವವರೂ ಕೈಬಿಡದೆ ಕಟ್ಟಿಹಾಕುವವರೂ ಅವರೇ ಆಗಿರುತ್ತಾರೆ.

ಇಂಥ ಊರಿನಲ್ಲಿ ಬಾಳಸಂಗಾತಿಯನ್ನು ಕಳೆದುಕೊಂಡವರು ಮತ್ತೆ ಪ್ರೀತಿಸಬಹುದೆ? ಪ್ರೀತಿಸಿದರೆ ಹಳೆಯ ಗಾಯ ಮಾಯುತ್ತದೆಯೆ? ಈ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಒಂದೇ ಎಂದು ಭಾವಿಸುತ್ತೇವೆ. ಮರುಮದುವೆಯಾಯಿತು, ಇನ್ನೇನು, ಎಲ್ಲ ಸರಿಹೋಯಿತು ಎನ್ನುತ್ತೇವೆ. ಪ್ರೀತಿ ಬೇರೆ, ಗಾಯ ಮಾಯುವುದು ಬೇರೆ. ಒಂದಿದ್ದೂ ಇನ್ನೊಂದು ಇಲ್ಲದಿರಬಹುದು. ಎರಡೂ ಕೂಡಿಬರಬೇಕಾದರೆ ಇಬ್ಬರ ಮನಸ್ಸು ಸಾಲದು, ಊರಿನ ಮನಸ್ಸೂ ಬೇಕು. ಇಷ್ಟು ಈ ಹೊತ್ತಿನ ನನ್ನ ಮಾತಿನ ತಿರುಳು. ಮೂವತ್ತು ವರ್ಷಕ್ಕೂ ಮಿಕ್ಕಿ ತಾಲ್ಲೂಕಿನ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದವನು ನಾನು. ಆದ್ದರಿಂದ ನನ್ನ ಸಾಕ್ಷ್ಯಗಳಲ್ಲಿ ಹೆಚ್ಚಿನವು ಕನ್ನಡ ಪುಸ್ತಕಗಳಿಂದ ಬಂದವು. ಕೆಲವು ನಾನು ವಾಸಿಸುವ ಬೀದಿಯಿಂದ.

ಮೊದಲು ನಮ್ಮ ಮಾತನ್ನೇ ಸ್ವಲ್ಪ ನೋಡೋಣ. ಗಂಡನನ್ನು ಕಳೆದುಕೊಂಡವಳಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ! ವಿಧವೆ ಎಂಬುದು ಬರವಣಿಗೆಯ ಮಾತು. ತಲೆಗೂದಲು ತೆಗೆಸಿದವಳು ಮಡಿ ಹೆಂಗಸು, ತೆಗೆಸದವಳು ಸಕೇಶಿ. ಇನ್ನುಳಿದ ಒಂದೆರಡು ಮಾತುಗಳು ಬಯ್ಗುಳಗಳಾಗಿಯೇ ಬಳಕೆಯಲ್ಲಿರುವುದರಿಂದ ಅವನ್ನು ಇಲ್ಲಿ ನುಡಿಯಲಾರೆ. ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೆ ಇರುವ ಹೆಸರು ವಿಧುರ. ಅದೂ ನಿಘಂಟಿನಲ್ಲಿ ಉಂಟು, ವಧೂವರರ ಜಾಹೀರಾತಿನಲ್ಲಿ ಉಂಟು. ಬೀದಿಯಲ್ಲಿ ಯಾರೂ ಯಾರನ್ನೂ ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಗಂಡಸಿನ ನಷ್ಟ ಅವನಿಗೆ ಒದಗಿದ ಒಂದು ಘಟನೆ. ಹೆಂಗಸಿನ ನಷ್ಟವೋ ಅವಳ ಹೆಸರೇ ಆಗಿಬಿಡುತ್ತದೆ. ಘಟನೆಯನ್ನು ದಾಟಿ ಹೋಗಬಹುದು. ಹೆಸರನ್ನು ದಾಟುವುದು ಕಷ್ಟ.

ದಾಟಲು ಮೊದಲ ಸೇತುವೆಯನ್ನು ಕಟ್ಟಿದ್ದು ಕಾಯಿದೆ. ಈಶ್ವರಚಂದ್ರ ವಿದ್ಯಾಸಾಗರರ ಬಹುಕಾಲದ ಪ್ರಯತ್ನದ ಫಲವಾಗಿ ೧೮೫೬ರಲ್ಲಿ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆ ಬಂತು. ವಿಧವೆಯ ಮದುವೆ ಶಾಸನದ ದೃಷ್ಟಿಯಲ್ಲಿ ಸಿಂಧು, ಅವಳಿಗೆ ಹುಟ್ಟುವ ಮಕ್ಕಳು ನ್ಯಾಯವಾದ ಮಕ್ಕಳು ಎಂದು ಅದು ಸಾರಿತು. ಆದರೆ ಅದೇ ಕಾಯಿದೆಯ ಎರಡನೆಯ ಕಲಮನ್ನು ಓದಿದವರ ಮನಸ್ಸು ಸ್ವಲ್ಪ ಅಳುಕುತ್ತದೆ. ಮರುಮದುವೆಯಾದವಳಿಗೆ ಗತಿಸಿದ ಗಂಡನ ಆಸ್ತಿಯಲ್ಲಿದ್ದ ಹಕ್ಕು, ಆ ಕ್ಷಣದಲ್ಲಿ ಅವಳೇ ಸತ್ತುಹೋದಳೋ ಎಂಬಂತೆ, ಮುಗಿದುಹೋಗುತ್ತದೆ ಎಂದು ಅದು ವಿಧಿಸಿತ್ತು. ಹೊಸ ಮನೆಯ ಬಾಗಿಲು ತೆರೆದ ಕಾಯಿದೆ ಹಳೆಯ ಮನೆಯ ಮಟ್ಟಿಗೆ ಅವಳನ್ನು ಸತ್ತವಳೆಂದೇ ಎಣಿಸಿತು. ಆಸ್ತಿಯ ವಿಷಯದಲ್ಲಿ ಬರೆದ ಈ ಮಾತು ಮನಸ್ಸಿನ ವಿಷಯದಲ್ಲಿಯೂ ಬಹುಕಾಲ ನಡೆಯಿತು. ಹೊಸತನ್ನು ಬಯಸುವೆಯಾದರೆ ಹಳೆಯದಕ್ಕೆ ಸತ್ತುಹೋಗು, ಎರಡನ್ನೂ ಇರಿಸಿಕೊಳ್ಳುವಂತಿಲ್ಲ ಎಂದು ಊರುಗಳೂ ಹೇಳಿದವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಧವೆಗೆ ಮರುಮದುವೆ ಇಲ್ಲವೆಂಬುದು ಇಡೀ ಕನ್ನಡ ನಾಡಿನ ನಿಯಮವಾಗಿರಲಿಲ್ಲ. ಅದು ಬ್ರಾಹ್ಮಣರೇ ಮೊದಲಾದ ಕೆಲವು ಜಾತಿಗಳ, ಅವರನ್ನು ನೋಡಿ ತಾವೂ ಹಾಗೆ ನಡೆಯಬೇಕೆಂದುಕೊಂಡ ಇನ್ನು ಕೆಲವರ ನಿಯಮ. ಒಕ್ಕಲುತನದ, ಕಸುಬಿನ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳು ಮತ್ತೊಬ್ಬನ ಕೈಹಿಡಿಯಲು ಹಿಂದಿನಿಂದಲೂ ದಾರಿಯಿತ್ತು. ಅದನ್ನು ಕೆಲವೆಡೆ ಉಡಿಕೆ ಎಂದರು, ಕೆಲವೆಡೆ ಸೀರುಡಿಕೆ ಎಂದರು, ಕೆಲವೆಡೆ ಕೂಡಾವಳಿ ಎಂದರು. ಹೊಸ ಗಂಡ ಕೊಟ್ಟ ಸೀರೆಯನ್ನು ಆಕೆ ಉಡುವುದೇ ಅದರ ಮುಖ್ಯ ಕ್ರಿಯೆ. ಇದು ಔದಾರ್ಯವೇ ಸರಿ. ಆದರೆ ಈ ಔದಾರ್ಯಕ್ಕೂ ಒಂದು ಮೇರೆಯಿತ್ತು. ಹಲವೆಡೆ ಉಡಿಕೆ ಹಗಲಿನಲ್ಲಿ ನಡೆಯುತ್ತಿರಲಿಲ್ಲ; ಹೊತ್ತು ಮುಳುಗಿದ ಮೇಲೆ ನಡೆಯುತ್ತಿತ್ತು. ಮುತ್ತೈದೆಯರು ಅದಕ್ಕೆ ಬರುತ್ತಿರಲಿಲ್ಲ. ಹಾಗೆ ಸೀರೆ ಉಟ್ಟವಳನ್ನು ಮುಂದೆ ಮದುವೆ ಮುಂಜಿಗಳ ಶಾಸ್ತ್ರಕ್ಕೆ ಕರೆಯುತ್ತಿರಲಿಲ್ಲ. ಬದುಕಲು ಅನುಮತಿ ಉಂಟು, ಸಂಭ್ರಮಿಸಲು ಇಲ್ಲ ಎಂಬಂತೆ. ಅಂದರೆ ಒಂದು ಕಡೆ ಊರು ಪ್ರೀತಿಯನ್ನೇ ನಿಷೇಧಿಸಿತು. ಇನ್ನೊಂದು ಕಡೆ ಪ್ರೀತಿಯನ್ನು ಒಪ್ಪಿ, ಗಾಯ ಮಾಯುವುದಕ್ಕೆ ಬೇಕಾದ ಮರ್ಯಾದೆಯನ್ನು ಹಿಂದಕ್ಕೆ ಹಿಡಿಯಿತು.

ಕನ್ನಡ ಕಾದಂಬರಿಯ ಚರಿತ್ರೆಯನ್ನು ತೆರೆದರೆ ಬಾಗಿಲಲ್ಲಿಯೇ ನಮಗೆ ಎದುರಾಗುವವಳು ಗಂಡನನ್ನು ಕಳೆದುಕೊಂಡ ಒಬ್ಬ ಹುಡುಗಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾಗಿ ೧೮೯೯ರಲ್ಲಿ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂಬ ಮನ್ನಣೆ ಅದರದು. ಕಥೆ ನಡೆಯುವ ಕಮಲಪುರ ಕಲ್ಪನೆಯ ಊರಾದರೂ, ಅಲ್ಲಿನ ಚಾವಡಿ, ಪಿಸುಮಾತು, ಮನೆಮನೆಯ ಲೆಕ್ಕಾಚಾರಗಳೆಲ್ಲ ಕರಾವಳಿಯ ನಿಜವಾದ ಊರಿನವೇ. ಚಿಕ್ಕ ವಯಸ್ಸಿನಲ್ಲಿ ವಿಧವೆಯಾದ ಇಂದಿರೆಯನ್ನು, ಸಂತರೆಂದು ಹೇಳಿಕೊಂಡು ತಿರುಗುವ ಕಪಟಿಗಳ ಸೇವೆಗೆ ಒಪ್ಪಿಸಲು ಹೆತ್ತವರೇ ಮುಂದಾಗುತ್ತಾರೆ. ಆಕೆ ತಪ್ಪಿಸಿಕೊಂಡು ಅಮೃತರಾಯನೆಂಬ ಸಜ್ಜನನ ಮನೆಯನ್ನು ಸೇರುತ್ತಾಳೆ, ಓದು ಕಲಿಯುತ್ತಾಳೆ, ಕೊನೆಗೆ ವಿಲಾಯತಿಯಲ್ಲಿ ಓದಿ ಅಧಿಕಾರಿಯಾಗಿ ಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ.

ಈ ಕಥೆಯ ಮುಕ್ತಾಯ ಮಂಗಳಕರವಾದದ್ದು. ಆದರೆ ಅದು ಮದುವೆಯಿಂದಲೇ ಮಂಗಳಕರವಾಯಿತೆಂದು ತಿಳಿದರೆ ವೆಂಕಟರಾಯರನ್ನು ನಾವು ಅರ್ಧ ಓದಿದಂತೆ. ಭಾಸ್ಕರನು ಬರುವ ಮೊದಲೇ ಇಂದಿರೆಗೆ ಎರಡು ವಸ್ತುಗಳು ದೊರೆತಿದ್ದವು: ಅಂಜದೆ ನಿದ್ರಿಸಬಹುದಾದ ಒಂದು ಮನೆ, ತನ್ನದೆನ್ನಬಹುದಾದ ಒಂದಷ್ಟು ವಿದ್ಯೆ. ಊರಿಗೆ ಊರೇ ತಿರುಗಿಬಿದ್ದಾಗ ಒಂದು ಮನೆ ಬಾಗಿಲು ತೆರೆಯಿತು. ಆ ಒಂದು ಬಾಗಿಲು ತೆರೆಯದೆ ಇದ್ದಿದ್ದರೆ ಮುಂದಿನ ಮದುವೆಯ ಮಾತೇ ಇರುತ್ತಿರಲಿಲ್ಲ. ನಾನು ತರಗತಿಯಲ್ಲಿ ಈ ಕಾದಂಬರಿಯನ್ನು ಹೇಳುವಾಗ ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ: ಕಥೆಯ ನಾಯಕ ಯಾರು? ಎಲ್ಲರೂ ಭಾಸ್ಕರನೆನ್ನುತ್ತಿದ್ದರು. ಅಮೃತರಾಯನೆಂದು ಹೇಳುವ ಒಬ್ಬರೋ ಇಬ್ಬರೋ ಪ್ರತಿವರ್ಷ ಇರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಈಗ ಮಂಗಳೂರಿನ ಕರಾವಳಿಯಿಂದ ಮೈಸೂರಿನ ಕಡೆಗೆ ಬರೋಣ. ಮೈಸೂರಿಗೆ ಇಪ್ಪತ್ತೈದು ಕಿಲೋಮೀಟರಿನೊಳಗೆ ಕಪಿಲಾ ನದಿಯ ದಡದಲ್ಲಿ ನಂಜನಗೂಡು ಇದೆ. ಶ್ರೀಕಂಠೇಶ್ವರನ ದೇವಾಲಯ, ಐದು ತೇರುಗಳ ದೊಡ್ಡ ಜಾತ್ರೆ, ರಸಬಾಳೆ, ಹಲ್ಲುಪುಡಿ ಇವುಗಳಿಂದ ಊರು ನಾಡಿಗೆಲ್ಲ ಪರಿಚಿತ. ನಂಜುಂಡನು ರೋಗ ಕಳೆಯುವ ದೇವರೆಂದು ಭಕ್ತರ ನಂಬಿಕೆ. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣು ವಾಸಿಯಾದ ಮೇಲೆ ಅವನನ್ನು ಹಕೀಮ ನಂಜುಂಡನೆಂದು ಕರೆದನೆಂಬ ಐತಿಹ್ಯವೂ ಉಂಟು. ವಾಸಿಮಾಡುವ ದೇವರ ಈ ಊರು ವಾಸಿಯಾಗದ ನೋವಿನ ಇಬ್ಬರು ಹೆಣ್ಣುಮಕ್ಕಳನ್ನು ನಮ್ಮ ಸಾಹಿತ್ಯಕ್ಕೆ ಕೊಟ್ಟಿದೆ. ಒಬ್ಬರು ನಿಜವಾಗಿ ಬಾಳಿದವರು, ಇನ್ನೊಬ್ಬಳು ಕಾದಂಬರಿಯವಳು.

ನಿಜವಾಗಿ ಬಾಳಿದವರು ತಿರುಮಲಾಂಬ. ೧೮೮೭ರಲ್ಲಿ ಜನನ. ಹತ್ತನೆಯ ವರ್ಷದಲ್ಲಿ ಮದುವೆ. ಹದಿನಾಲ್ಕನೆಯ ವರ್ಷದಲ್ಲಿ ವೈಧವ್ಯ. ತಂದೆಯ ಮನೆಯಲ್ಲಿಯೇ ಉಳಿದ ಈ ಬಾಲೆಗೆ ತಂದೆ ಓದನ್ನು ಕಲಿಸಿದರು, ಪುಸ್ತಕಗಳನ್ನು ಒದಗಿಸಿದರು. ಆ ಹುಡುಗಿ ಓದುತ್ತ ಓದುತ್ತ ಬರೆಯಲು ತೊಡಗಿದಳು. ೧೯೧೩ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನೇ ಆರಂಭಿಸಿದರು. ಅದೇ ವರ್ಷ ಅವರ ‘ಸುಶೀಲೆ’ ಕಾದಂಬರಿ ಹೊರಬಂದಿತು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದ ಮೊದಲ ಲೇಖಕಿ, ಪ್ರಕಾಶಕಿ, ಪತ್ರಿಕೆಯ ಸಂಪಾದಕಿ ಎಂದು ಸಾಹಿತ್ಯ ಚರಿತ್ರೆ ಇವರನ್ನು ನೆನೆಯುತ್ತದೆ. ಶಾಲೆ ಕಾಲೇಜುಗಳ ಮೆಟ್ಟಿಲು ಹತ್ತಿ ಬಂದ ಕೀರ್ತಿಯಲ್ಲ ಅದು. ಸಣ್ಣ ಊರಿನ ಒಂದು ಮನೆಯ ಒಳಗೆ ಕುಳಿತು ಗಳಿಸಿದ್ದು.

ತಿರುಮಲಾಂಬ ಮರುಮದುವೆಯಾಗಲಿಲ್ಲ. ಮರುಮದುವೆಯನ್ನು ಸಾರುವುದು ಅವರ ಉದ್ದೇಶವೂ ಆಗಿರಲಿಲ್ಲ. ಗ್ರಂಥಮಾಲೆಗೆ ಅವರಿಟ್ಟ ಹೆಸರೇ ಅವರ ಆದರ್ಶವನ್ನು ಹೇಳುತ್ತದೆ. ಇಂದಿನ ಕೆಲವರಿಗೆ ಇದು ಹಳೆಯ ಕಾಲದ ಮಾತೆನಿಸಬಹುದು. ಆದರೆ ಅವರ ಬಾಳಿನಲ್ಲಿ ಪ್ರೀತಿ ಇರಲಿಲ್ಲವೆಂದು ಹೇಳುವವರು ಯಾರು? ಮಗಳ ತಲೆಯ ಮೇಲೆ ಪುಸ್ತಕದ ನೆರಳನ್ನು ಹಿಡಿದ ತಂದೆಯ ಪ್ರೀತಿ ಅಲ್ಲಿತ್ತು. ಮುಖ ಕಾಣದ ಓದುಗ ಹೆಂಗಸರ ಮೇಲೆ ಲೇಖಕಿಗಿದ್ದ ಪ್ರೀತಿ ಅಲ್ಲಿತ್ತು. ಊರು ಅವರಿಗೆ ಒಂದು ಹೆಸರನ್ನು ಕೊಟ್ಟು ಮೂಲೆಯಲ್ಲಿ ಕೂರಿಸಿತು. ಅವರು ಆ ಮೂಲೆಯಿಂದಲೇ ಇನ್ನೊಂದು ಹೆಸರನ್ನು ಸಂಪಾದಿಸಿಕೊಂಡರು. ಇಂದು ಅವರನ್ನು ನಾವು ನೆನೆಯುವಾಗ ಊರಿನ ಹೆಸರನ್ನೂ ಸೇರಿಸಿಯೇ ನಂಜನಗೂಡು ತಿರುಮಲಾಂಬ ಎನ್ನುತ್ತೇವೆ. ದಾಟಲಾಗದ ಹೆಸರನ್ನು ದಾಟುವ ಬಗೆ ಇದೂ ಒಂದು.

ಇನ್ನೊಬ್ಬಳು ಕಾತ್ಯಾಯನಿ. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ ೧೯೬೫ರಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿ ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಮಾಡಿದ ಚಲನಚಿತ್ರವನ್ನೂ ನಿಮ್ಮಲ್ಲಿ ಅನೇಕರು ನೋಡಿರಬಹುದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ಕಪಿಲೆಯ ಪಾಲಾಗುತ್ತಾನೆ. ಎಳೆಯ ಮಗುವಿನ ತಾಯಿಯಾದ ಸೊಸೆ ಕಾತ್ಯಾಯನಿ ಗಂಡ ಬಿಟ್ಟುಹೋದ ಓದನ್ನು ತಾನು ಮುಗಿಸಬೇಕೆಂದು ಮೈಸೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿಬರತೊಡಗುತ್ತಾಳೆ. ಅಲ್ಲಿ ರಾಜನೆಂಬ ಅಧ್ಯಾಪಕನ ಪರಿಚಯವಾಗುತ್ತದೆ, ಪರಿಚಯ ಪ್ರೀತಿಯಾಗುತ್ತದೆ, ಪ್ರೀತಿ ಮದುವೆಯಾಗುತ್ತದೆ. ಇಂದಿರಾಬಾಯಿಗೆ ದೊರೆತದ್ದೆಲ್ಲ ಕಾತ್ಯಾಯನಿಗೂ ದೊರೆಯಿತು: ವಿದ್ಯೆ, ಒಲಿದ ಗಂಡ, ಹೊಸ ಮನೆ. ಕಾಯಿದೆ ಅಡ್ಡಬರಲಿಲ್ಲ. ಶ್ರೋತ್ರಿಗಳು ಶಾಪ ಹಾಕಲಿಲ್ಲ. ಮಗುವನ್ನು ಕೇಳಲು ಬಂದಾಗಲೂ ನಿರ್ಧಾರವನ್ನು ಅವಳ ಅಂತಃಕರಣಕ್ಕೇ ಬಿಟ್ಟರು. ಅವಳು ಮಗುವನ್ನು ನಂಜನಗೂಡಿನಲ್ಲಿಯೇ ಬಿಟ್ಟುಹೋದಳು. ಅಲ್ಲಿಂದ ಮುಂದೆ ಅವಳಿಗೆ ನೆಮ್ಮದಿಯೆಂಬುದಿಲ್ಲ. ಮತ್ತೆ ಮತ್ತೆ ಬಸಿರು ನಿಲ್ಲದೆ ಹೋಗುತ್ತದೆ. ತಾನು ಮಾಡಿದ್ದಕ್ಕೆ ಇದು ಶಿಕ್ಷೆಯೆಂಬ ಭಾವನೆ ಅವಳನ್ನು ಒಳಗಿನಿಂದ ತಿನ್ನುತ್ತದೆ. ಕೊನೆಗೆ ಅವಳ ಆಯುಷ್ಯವೇ ಮುಗಿಯುತ್ತದೆ.

ಕಾದಂಬರಿಕಾರರು ಮರುಮದುವೆಯನ್ನು ಖಂಡಿಸಿದ್ದಾರೆಂದು ಕೆಲವರೂ, ಇಲ್ಲ, ವಂಶದ ಹೆಮ್ಮೆಯನ್ನೇ ಬಯಲಿಗೆಳೆದಿದ್ದಾರೆಂದು ಇನ್ನು ಕೆಲವರೂ ವಾದಿಸುತ್ತ ಬಂದಿದ್ದಾರೆ. ಕೊನೆಯಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ರಹಸ್ಯವೇ ತಿಳಿದು ವಂಶವೆಂಬ ಕಲ್ಪನೆಯೇ ಕುಸಿಯುವುದನ್ನು ನೆನೆದರೆ ಎರಡನೆಯ ವಾದಕ್ಕೂ ಬಲವಿದೆ. ನಾನು ಆ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ನನಗೆ ಕಾಣುವುದು ಇಷ್ಟು: ಕಾತ್ಯಾಯನಿ ನಂಜನಗೂಡನ್ನು ಬಿಟ್ಟು ಮೈಸೂರಿಗೆ ಹೋದಳು, ನಂಜನಗೂಡು ಅವಳನ್ನು ಬಿಡಲಿಲ್ಲ. ಅದು ಅವಳ ಮನಸ್ಸಿನೊಳಗೆ ಮನೆ ಮಾಡಿ ಕುಳಿತಿತ್ತು. ೧೮೫೬ರ ಕಾಯಿದೆ ಆಸ್ತಿಯ ವಿಷಯದಲ್ಲಿ ಹೇಳಿದ ಮಾತನ್ನು ಅವಳು ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡಳು: ಹಳೆಯ ಮನೆಯ ಪಾಲಿಗೆ ನಾನು ಸತ್ತವಳು. ಹೊಸ ಮನೆಯೊಳಗೆ ಹಳೆಯ ಮನೆಗೆ ಒಂದು ಕಿಟಕಿಯನ್ನೂ ಉಳಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ಅವಳಿಗೆ ಪ್ರೀತಿ ದೊರೆಯಿತು; ಗಾಯ ಮಾಯಲಿಲ್ಲ. ತಿರುಮಲಾಂಬ ಅವರಿಗೆ ಹೊಸ ದಾಂಪತ್ಯ ದೊರೆಯಲಿಲ್ಲ. ಆದರೆ ಬಾಳು ಬರಡಾಗಲಿಲ್ಲ. ಒಂದೇ ಹೊಳೆಯ ದಡದ ಈ ಎರಡು ಬಾಳುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಪ್ರೀತಿ ಬೇರೆ, ಮಾಯುವುದು ಬೇರೆ ಎಂಬುದು ನನಗೆ ಸ್ಪಷ್ಟವಾದದ್ದು.

ಹಾಗಾದರೆ ಊರಿನ ಪಾತ್ರವೇನು? ಇದಕ್ಕೆ ಉತ್ತರವನ್ನು ಮಲೆನಾಡಿನ ಒಬ್ಬ ಅಜ್ಜಿ ಕೊಡುತ್ತಾಳೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಪ್ರಕಟವಾದದ್ದು ೧೯೭೬ರಲ್ಲಿ. ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಯೂ ತಂದರು. ಲೇಖಕಿಯ ಬಂಧುವರ್ಗದಲ್ಲಿಯೇ ಬಾಳಿದ ಒಬ್ಬ ಹಿರಿಯಳ ನಿಜ ಜೀವನ ಅದಕ್ಕೆ ಆಧಾರ. ಆಡುವ ವಯಸ್ಸಿನಲ್ಲಿ ಮದುವೆಯಾಗಿ, ಗಂಡನು ಹಾವು ಕಚ್ಚಿ ಸತ್ತು, ಮಡಿಯ ಕೆಂಪು ಸೀರೆಯಲ್ಲಿ ದೀರ್ಘಕಾಲ ಬದುಕಿದವಳು ಫಣಿಯಮ್ಮ. ತಾನು ನಿಯಮವನ್ನು ಮೀರಲಿಲ್ಲ. ಆದರೆ ಅಸ್ಪೃಶ್ಯಳೆಂದು ಊರು ದೂರವಿಟ್ಟ ಹೆಣ್ಣಿನ ಕಷ್ಟದ ಹೆರಿಗೆಗೆ ಕೈಕೊಡಲು ಅವಳಿಗೆ ಮಡಿ ಅಡ್ಡಬರಲಿಲ್ಲ. ತಲೆ ಬೋಳಿಸಿಕೊಳ್ಳಲಾರೆ ಎಂದು ಎದುರುನಿಂತ ಎಳೆಯ ವಿಧವೆ ದಾಕ್ಷಾಯಿಣಿಯನ್ನು ಎಲ್ಲರೂ ಹಳಿಯುವಾಗ, ಅವಳ ಪರವಾಗಿ ನಿಂತದ್ದು ತಲೆ ಬೋಳಿಸಿಕೊಂಡು ಬಾಳು ಸವೆಸಿದ ಈ ಮುದುಕಿಯೇ. ನಾನು ಪಟ್ಟದ್ದನ್ನು ನೀನೂ ಪಡು ಎನ್ನುವುದು ಊರಿನ ಒಂದು ಮುಖ. ನನಗೆ ಆದದ್ದು ನಿನಗೆ ಆಗದಿರಲಿ ಎನ್ನುವುದು ಇನ್ನೊಂದು ಮುಖ. ಊರು ಬದಲಾಗುವುದೆಂದರೆ ಮೊದಲ ಮುಖದಿಂದ ಎರಡನೆಯ ಮುಖಕ್ಕೆ ತಿರುಗುವುದು.

ಪುಸ್ತಕದಿಂದ ಈಗ ಬೀದಿಗೆ ಬರುತ್ತೇನೆ. ನನ್ನ ಪತ್ನಿ ತೀರಿಕೊಂಡಾಗ ನನಗೆ ಐವತ್ತೊಂಬತ್ತು ವರ್ಷ. ನಾವು ಇದ್ದದ್ದು, ನಾನು ಈಗಲೂ ಇರುವುದು, ಹಳೆಯ ಮೈಸೂರಿನ ಒಂದು ತಾಲ್ಲೂಕಿನ ಊರು. ಮೂರನೆಯ ಮಾಸಿಕ ಮುಗಿದಿತ್ತೋ ಇಲ್ಲವೋ, ನನ್ನ ಹಿತವನ್ನು ಬಯಸಿಯೇ, ಇಬ್ಬರು ಬೇರೆ ಬೇರೆ ಸಂಬಂಧಗಳ ಮಾತು ತಂದರು. “ಒಂಟಿ ಜೀವ, ಅನ್ನಕ್ಕಾದರೂ ಒಬ್ಬರು ಬೇಡವೆ ಮೇಷ್ಟ್ರೇ?” ಎಂದರು. ನನಗೆ ಅನ್ನ ಮಾಡಲು ಬರುತ್ತದೆ. ಅದಕ್ಕಾಗಿ ಇನ್ನೊಬ್ಬರ ಬಾಳನ್ನು ಕೇಳುವ ಮನಸ್ಸು ನನಗಾಗಲಿಲ್ಲ ಎಂದು ಕಳುಹಿಸಿಕೊಟ್ಟೆ. ಅದೇ ವರ್ಷ ನಮ್ಮದೇ ಬೀದಿಯಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿಯಾದ ಒಬ್ಬ ಶಾಲಾ ಉಪಾಧ್ಯಾಯಿನಿ ಗಂಡನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡಿದ್ದಳು. ಆಕೆಗೆ ಮೂವತ್ತಮೂರು, ಏಳು ವರ್ಷದ ಒಬ್ಬ ಮಗಳು. ಐವತ್ತೊಂಬತ್ತರ ನನ್ನ ಒಂಟಿತನ ಊರಿಗೆ ಕಂಡಿತು. ಮೂವತ್ತಮೂರರ ಅವಳ ಒಂಟಿತನ ಯಾರಿಗೂ ಕಾಣಲಿಲ್ಲ. ಕಂಡಿದ್ದರೆ ಅದು ಕಾವಲಿಗೆ ಮಾತ್ರ ಕಂಡಿತು.

ಮೂರು ವರ್ಷದ ತರುವಾಯ ಆಕೆ ಒಬ್ಬರನ್ನು ಮದುವೆಯಾದಳು. ಆತನೂ ಹೆಂಡತಿಯನ್ನು ಕಳೆದುಕೊಂಡವನೇ. ಸಹಕಾರ ಸಂಘದಲ್ಲಿ ಗುಮಾಸ್ತ. ಇಬ್ಬರದೂ ಬೇರೆ ಬೇರೆ ಜಾತಿ. ವಿಶೇಷ ವಿವಾಹ ಕಾಯಿದೆಯಂತೆ ರಿಜಿಸ್ಟರ್ ಮಾಡಿಸಬೇಕೆಂದು ಮೊದಲು ಯೋಚಿಸಿದ್ದರು. ೧೯೫೪ರ ಆ ಕಾಯಿದೆಯ ಪ್ರಕಾರ ಮದುವೆಗೆ ಮೂವತ್ತು ದಿನ ಮುಂಚೆ ನೋಟೀಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಬೆಂಗಳೂರಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ನಮ್ಮಂಥ ಊರಿನಲ್ಲಿ ಪಹಣಿಗೆಂದು, ಪತ್ರಕ್ಕೆಂದು ಬಂದವರೆಲ್ಲ ಓದುತ್ತಾರೆ. ಆಕೆ ಅಂಜಿದ್ದು ಕಾನೂನಿಗಲ್ಲ, ಆ ಮೂವತ್ತು ದಿನಗಳಿಗೆ.

ಆಗ ಮುಂದೆ ಬಂದವರು ಆಕೆಯ ಅತ್ತೆ. ತೀರಿಕೊಂಡ ಗಂಡನ ತಾಯಿ. ಎಪ್ಪತ್ತು ದಾಟಿದ, ಸಹಿಯಷ್ಟೇ ಬಲ್ಲ ಆಕೆ ಸೊಸೆಗೆ ಹೇಳಿದ ಮಾತನ್ನು ಸೊಸೆಯೇ ನನಗೆ ತಿಳಿಸಿದಳು: “ನನ್ನ ಮಗ ಹೋದ. ಅವನ ಹಿಂದೆ ನೀನೂ ಹೋಗಬೇಕು ಅಂತ ಏನಿಲ್ಲ ಕಣಮ್ಮ. ಗೋಡೇಲಿರೋ ಅವನ ಫೋಟೋ ಒಂದನ್ನ ಮಾತ್ರ ತೆಗೀಬೇಡ.” ಆ ಫೋಟೋ ಹೊಸ ಮನೆಯ ಗೋಡೆಯ ಮೇಲೆ ಇದೆ, ಅದರ ಪಕ್ಕದಲ್ಲಿ ಆತನ ಮೊದಲ ಹೆಂಡತಿಯದೂ ಇದೆ. ವರ್ಷಕ್ಕೊಮ್ಮೆ ತಿಥಿಯ ದಿನ ಅಜ್ಜಿ ಅಲ್ಲಿಗೇ ಬರುತ್ತಾರೆ. ಮಗು ಆತನನ್ನು ಬಹುಕಾಲ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಅಪ್ಪ ಎನ್ನು ಎಂದು ಯಾರೂ ಒತ್ತಾಯಿಸಲಿಲ್ಲ, ಆತನೂ ಕಾದ. ಒಂದು ದಿನ ಶಾಲೆಯ ಅರ್ಜಿಗೆ ಸಹಿ ಬೇಕಾದಾಗ ತಾನಾಗಿ ಕರೆಯಿತಂತೆ. ಊರು ಮೊದಲು ಆಡಿಕೊಂಡಿತು, ಆಮೇಲೆ ಸುಮ್ಮನಾಯಿತು. ಹೋದ ವರ್ಷ ಎದುರುಮನೆಯವರು ತಮ್ಮ ಮಗಳ ಮದುವೆಗೆ ಅರಿಶಿನ ಕುಂಕುಮ ಕೊಟ್ಟು ಆಕೆಯನ್ನು ಆರತಿಗೆ ಕರೆದರು. ಹಿಂದೆ ಉಡಿಕೆಯ ಹೆಂಗಸಿಗೆ ಕೊಡದೆ ಉಳಿಸಿಕೊಂಡಿದ್ದ ಮರ್ಯಾದೆ ಅದೇ ಅಲ್ಲವೆ?

ಕೇಳುಗರಲ್ಲಿ ಇಂಥ ಸ್ಥಿತಿಯಲ್ಲಿರುವವರು ಇರಬಹುದು. ಆದ್ದರಿಂದ ಉಪಯೋಗಕ್ಕೆ ಬರುವ ಎರಡು ಮಾತುಗಳನ್ನು ಹೇಳಿಬಿಡುತ್ತೇನೆ. ಹಳೆಯ ೧೮೫೬ರ ಕಾಯಿದೆ ಈಗ ಇಲ್ಲ. ಅದನ್ನು ೧೯೮೩ರಲ್ಲಿ ರದ್ದುಮಾಡಿದರು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಗಂಡನಿಂದ ಹೆಂಡತಿಗೆ ಒಮ್ಮೆ ಬಂದ ಪಾಲು ಅವಳ ಸ್ವಂತದ್ದು. ಆಮೇಲೆ ಮರುಮದುವೆಯಾದ ಕಾರಣಕ್ಕೆ ಅದು ಕೈಬಿಟ್ಟುಹೋಗುವುದಿಲ್ಲ. ಸರ್ವೋಚ್ಚ ನ್ಯಾಯಾಲಯವೂ ೨೦೦೮ರಲ್ಲಿ ಹೀಗೆಯೇ ತೀರ್ಪುಕೊಟ್ಟಿದೆ. ಇದನ್ನರಿಯದೆ, ಮರುಮದುವೆಯಾದರೆ ಮನೆ ಜಮೀನು ಹೋಗುತ್ತದೆಂದು ಹೆದರಿ ಅಥವಾ ಹೆದರಿಸಿಕೊಂಡು ಸುಮ್ಮನಿರುವವರು ಇಂದಿಗೂ ಉಂಟು. ಆದರೆ ಬಡ ವಿಧವೆಯರಿಗೆ ಸರ್ಕಾರ ಕೊಡುವ ಮಾಸಿಕ ವೇತನದ ಮಾತು ಬೇರೆ. ಮರುಮದುವೆಯಾದರೆ ಅದು ನಿಲ್ಲುತ್ತದೆ. ಹೊಸ ಸಂಸಾರಕ್ಕೆ ಅಡಿಯಿಡುವ ಬಡವರು ಈ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕಾಗುತ್ತದೆ.

ಕಾನೂನಿನ ಮಾತು ಇಷ್ಟಾಯಿತು. ಉಳಿದದ್ದು ನಮ್ಮ ನಿಮ್ಮ ಕೈಯಲ್ಲಿರುವುದು. ಕಳೆದುಕೊಂಡವರಿಗೆ ಮೊದಲು ಬೇಕಾದದ್ದು ಮದುವೆಯಲ್ಲ. ಯಾರೂ ಲೆಕ್ಕ ಕೇಳದ ಕೆಲವು ತಿಂಗಳುಗಳು. ಆಮೇಲೆ ಬೇಕಾದದ್ದು ಹೊಸ್ತಿಲಿನ ಹೊರಗೆ ಒಂದು ಕೆಲಸ: ಪಾಠ ಹೇಳುವುದೋ, ಬಟ್ಟೆ ಹೊಲಿಯುವುದೋ, ಪುಸ್ತಕ ಬರೆಯುವುದೋ, ಮುಂಜಾನೆ ಏಳಲು ಒಂದು ಕಾರಣ. ಅನಂತರ ಪ್ರೀತಿ ಬಂದರೆ ಬರಲಿ. ಬಂದಾಗ ಅದನ್ನು ಹೊತ್ತು ಮುಳುಗಿದ ಮೇಲೆ ಬಾ ಎನ್ನದೆ ಹಗಲಿನಲ್ಲಿಯೇ ಕರೆದುಕೊಳ್ಳೋಣ. ಬಾರದಿದ್ದರೆ ಅವರ ಬಾಳು ವ್ಯರ್ಥವಾಯಿತೆಂದು ಮರುಗುವುದೂ ಬೇಡ. ತಿರುಮಲಾಂಬ ಅವರ ಬಾಳನ್ನು ವ್ಯರ್ಥವೆನ್ನುವ ಎದೆಗಾರಿಕೆ ಯಾರಿಗಿದೆ?

ಒಂದು ಮಾತು ಗಂಡಸರಿಗಾಗಿ. ಹೆಂಡತಿ ಸತ್ತ ಗಂಡಸಿಗೆ ಊರು ಬೇಗ ಇನ್ನೊಂದು ಮದುವೆ ಮಾಡಿಸುತ್ತದೆ, ಆದರೆ ಅಳಲು ಬಿಡುವುದಿಲ್ಲ. ಅದೂ ಒಂದು ಅನ್ಯಾಯವೇ. ಅಳದ ದುಃಖವನ್ನು ಗಂಟುಕಟ್ಟಿಕೊಂಡು ಹೊಸ ಮನೆಗೆ ಹೋದವನು ಆ ಗಂಟನ್ನು ಬಂದವಳ ತಲೆಯ ಮೇಲೆ ಹೊರಿಸುತ್ತಾನೆ. ಅವಳು ದಿನವೂ ಸತ್ತವಳೊಡನೆ ಹೋಲಿಕೆಯಾಗಬೇಕಾಗುತ್ತದೆ. ಹಳೆಯ ಪ್ರೀತಿಗೆ ಮನೆಯಲ್ಲಿ ಗೌರವದ ಒಂದು ಜಾಗವನ್ನು ತೋರಿಸಿಕೊಟ್ಟರೆ ಅದು ಹೊಸ ಪ್ರೀತಿಯ ಜಾಗಕ್ಕೆ ಕೈಹಾಕುವುದಿಲ್ಲ.

ನಮ್ಮ ಹಿರಿಯರು ಸತ್ತವರಿಗೆ ವರ್ಷಕ್ಕೊಂದು ದಿನವನ್ನು ಕೊಟ್ಟರು. ಆ ದಿನ ಅವರನ್ನು ಕರೆಯುತ್ತೇವೆ, ಉಣಿಸುತ್ತೇವೆ, ಕಳುಹಿಸಿಕೊಡುತ್ತೇವೆ. ಉಳಿದ ದಿನಗಳೆಲ್ಲ ಬದುಕಿರುವವರವು. ತಿಥಿಯ ಈ ಏರ್ಪಾಡಿನಲ್ಲಿ ಒಂದು ವಿವೇಕವಿದೆಯೆಂದು ನನಗೆ ತೋರುತ್ತದೆ. ಮರೆಯಬೇಕೆಂದು ಅದು ಹೇಳುವುದಿಲ್ಲ, ಮರೆಯದ ಕಾರಣಕ್ಕೆ ಬದುಕನ್ನು ನಿಲ್ಲಿಸಬೇಕೆಂದೂ ಹೇಳುವುದಿಲ್ಲ. ಆ ವಿವೇಕವನ್ನು ವರ್ಷದ ಒಂದು ದಿನಕ್ಕೆ ಮೀಸಲಿಡದೆ, ನಮ್ಮ ಬೀದಿಯ ಕಳೆದುಕೊಂಡ ಜೀವಗಳ ಉಳಿದ ದಿನಗಳಿಗೂ ವಿಸ್ತರಿಸಿದರೆ, ಮೊದಲ ಹನ್ನೊಂದು ದಿನ ಅನ್ನ ತಂದುಕೊಟ್ಟ ಊರು ತನ್ನ ಕೆಲಸವನ್ನು ಪೂರ್ತಿ ಮಾಡಿದಂತಾಗುತ್ತದೆ.